ತಂದೂರಿನ ಪಕ್ಕದ ಹಿಪ್ಪುನೇರಳೆ

ನನ್ನ ಮಾವನ ಮಟ್ಟಿಗೆ ಹಿಪ್ಪುನೇರಳೆ ಮರವಲ್ಲ, ಬೆಳೆ. ಅವರು ಹುಟ್ಟಿ ಬೆಳೆದ ರೇಷ್ಮೆ ಸೀಮೆಯಲ್ಲಿ ಅದು ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕುಡುಗೋಲು ಬೀಳುತ್ತದೆ. ಸೊಪ್ಪು ಹುಳುವಿನ ತಟ್ಟೆಗೆ ಹೋಗುತ್ತದೆ, ಬುಡ ಮತ್ತೆ ಚಿಗುರುತ್ತದೆ, ಮತ್ತೆ ಕುಡುಗೋಲು. ಎತ್ತರ ಬೆಳೆಯಲು ಅದಕ್ಕೆ ಯಾರೂ ಪುರಸೊತ್ತು ಕೊಡುವುದಿಲ್ಲ. ಹಣ್ಣು ಬಿಟ್ಟರೆ ಸೊಪ್ಪು ಬಲಿತುಹೋಯಿತು, ಕಟಾವು ತಡವಾಯಿತು ಎಂದು ಅರ್ಥ.

ದೆಹಲಿಯ ನಮ್ಮ ಕಾಲೊನಿಯಲ್ಲಿ ಅದೇ ಹಿಪ್ಪುನೇರಳೆ ಮೂರಂತಸ್ತಿನ ಕ್ವಾರ್ಟರ್ಸಿನ ತಾರಸಿಯನ್ನು ಮುಟ್ಟುತ್ತದೆ. ಇಲ್ಲಿ ಅದರ ಹೆಸರು ಶಹತೂತ್. ನನ್ನ ಹೆಂಡತಿ ಕೇಂದ್ರ ಸರ್ಕಾರದ ಅಧಿಕಾರಿ, ಕ್ವಾರ್ಟರ್ಸ್ ಸಿಕ್ಕಿದ್ದು ಅವಳ ಹೆಸರಿಗೆ. ನಾನು ಕನ್ನಡ ಪತ್ರಿಕೆಯೊಂದರ ದೆಹಲಿ ವರದಿಗಾರ. ಮಾವ ಮೊದಲ ಸಲ ನಮ್ಮ ಮನೆಗೆ ಬಂದದ್ದು ಮಳೆಗಾಲದಲ್ಲಿ. ಪಾರ್ಕಿನ ಸುತ್ತ ಸಾಲಾಗಿ ನಿಂತ ಮರಗಳನ್ನು ಕತ್ತೆತ್ತಿ ನೋಡಿದರು, ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿದರು. “ಅಳಿಯಂದ್ರೇ, ಇಷ್ಟೊಂದು ಸೊಪ್ಪು ಸುಮ್ನೆ ನಿಂತಿದೆಯಲ್ಲ. ಇಲ್ಲಿನ ಜನಕ್ಕೆ ಕಣ್ಣಿಲ್ವಾ?” ಎಂದರು. ಹೊರಡುವ ದಿನ ಮೊಮ್ಮಗಳಿಗೆ ಒಂದು ಮಾತು ಕೊಟ್ಟರು: ಮುಂದಿನ ಸಲ ಬರುವಾಗ ಮೊಟ್ಟೆ ತರುತ್ತೇನೆ, ಹುಳು ಗೂಡು ಕಟ್ಟುವುದನ್ನು ನಿನ್ನ ಕಣ್ಣಿಗೇ ತೋರಿಸುತ್ತೇನೆ.

ಮಗಳಿಗೆ ಆಗ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಹೇಳಲಾಗುವುದಿಲ್ಲ. ತಾತನ ಮಾತನ್ನು ಅವಳು ಶಾಲೆಯಲ್ಲೂ ಕಾಲೊನಿಯಲ್ಲೂ ಸಾರಿಬಿಟ್ಟಳು. ರೇಷ್ಮೆ ಎಂದರೆ ಹುಳು ಮಾಡುವ ನೂಲು ಎಂದು ಅವಳ ಗೆಳತಿಯರು ನಂಬಲಿಲ್ಲ. ಹಾಗಾಗಿ ಅವಳ ಮಾನ ತಾತನ ಕೈಯಲ್ಲಿತ್ತು.

ಮಾವ ಮತ್ತೆ ಬಂದದ್ದು ಫೆಬ್ರವರಿಯ ಮೊದಲ ವಾರ. ಮೊಟ್ಟೆ ತರುವ ಸಂಗತಿ ನಮಗೆ ಹೇಳಿರಲಿಲ್ಲ, ಮೊಮ್ಮಗಳಿಗೆ ಅಚ್ಚರಿಯಾಗಲಿ ಎಂದು. ಸ್ಟೇಷನ್ನಿನಿಂದ ಆಟೋದಲ್ಲಿ ಕಾಲೊನಿಯ ಗೇಟು ದಾಟಿದ ಕೂಡಲೇ ಅವರ ಮುಖ ಬದಲಾಯಿತು. ಪಾರ್ಕಿನ ಸುತ್ತಲಿನ ಮರಗಳಲ್ಲಿ ಒಂದೇ ಒಂದು ಎಲೆ ಇರಲಿಲ್ಲ. ಅಷ್ಟೂ ಬರಿ ಕೊಂಬೆ.

“ಏನಾಯ್ತು ಇವಕ್ಕೆ? ರೋಗ ಬಡೀತಾ?”

ಚಳಿಗಾಲ, ಪ್ರತಿವರ್ಷ ಹೀಗೇ ಉದುರುತ್ತವೆ ಎಂದೆ. ಅವರು ಮನೆಗೆ ಬಂದು ಸ್ವೆಟರ್ ಕೂಡ ತೆಗೆಯದೆ ಚೀಲದಿಂದ ಒಂದು ಟಿಫಿನ್ ಡಬ್ಬಿ ಹೊರತೆಗೆದರು. ಒದ್ದೆ ಬಟ್ಟೆಯ ನಡುವೆ ಅಂಗೈಯಗಲದ ಒಂದು ಹಾಳೆ. ಅದರ ಮೇಲೆ ಗಸಗಸೆ ಅಂಟಿಸಿದಂತೆ ರೇಷ್ಮೆ ಮೊಟ್ಟೆಗಳು. ಆಗಲೇ ನೀಲಿಗೆ ತಿರುಗಿದ್ದವು. ಇನ್ನು ಒಂದೆರಡು ದಿನದಲ್ಲಿ ಒಡೆಯುತ್ತವೆ, ಒಡೆದ ದಿನವೇ ಮರಿಗೆ ಎಳೆ ಸೊಪ್ಪು ಬೇಕು, ಬೇರೆ ಏನನ್ನೂ ಅವು ತಿನ್ನುವುದಿಲ್ಲ ಎಂದು ಅವರು ಒಂದೊಂದಾಗಿ ಹೇಳಿದರು. ಅವರ ಊರಿನಲ್ಲಿ ವರ್ಷದ ಯಾವ ತಿಂಗಳಲ್ಲಿ ತೋಟಕ್ಕೆ ಹೋದರೂ ಸೊಪ್ಪಿರುತ್ತದೆ. ಹಿಪ್ಪುನೇರಳೆ ಬರಿದಾಗಿ ನಿಲ್ಲುವುದನ್ನು ಅವರು ಕಂಡೇ ಇರಲಿಲ್ಲ.

ಅತ್ತೆ ಊರಿನಲ್ಲೇ ಉಳಿದಿದ್ದರು. ಮಗನ ಜೊತೆ ಸೇರಿ ಮನೆಯ ಹುಳು ನೋಡಿಕೊಳ್ಳುತ್ತಿದ್ದರು. ಆ ಸಂಜೆ ಫೋನಿನಲ್ಲಿ ವಿಷಯ ಕೇಳಿ ಅವರು ನಕ್ಕದ್ದು ಸ್ಪೀಕರ್ ಹಾಕದೆಯೇ ಎಲ್ಲರಿಗೂ ಕೇಳಿಸಿತು. “ಊರಿಗೆಲ್ಲ ಪಾಠ ಹೇಳೋ ಯಜಮಾನ್ರು, ಸೊಪ್ಪಿಲ್ಲದ ಊರಿಗೆ ಮೊಟ್ಟೆ ಹೊತ್ಕೊಂಡು ಹೋಗಿದಾರೆ” ಎಂದರು.

ಹೆಂಡತಿ ಮೊಟ್ಟೆಯನ್ನು ಫ್ರಿಜ್ಜಿನಲ್ಲಿಡೋಣವೇ ಎಂದಳು. ಮಾವ ಯೋಚಿಸಿ ಒಪ್ಪಿದರು. ಆದರೆ ಎರಡು ದಿನ ಮಾತ್ರ, ಆಮೇಲೆ ಮರಿಗಳ ಕಸುವು ಹೋಗುತ್ತದೆ. ಹಾಳೆ ದೋಸೆ ಹಿಟ್ಟಿನ ಪಕ್ಕ ಕುಳಿತಿತು. ನಾನು ರಜೆ ಹಾಕಿದೆ.

ಮರುದಿನ ನಾನೂ ಮಾವನೂ ಕಾಲೊನಿಯ ಮರಗಳನ್ನೆಲ್ಲ ಸುತ್ತಿದೆವು. ದಿನವೂ ಅವುಗಳ ಕೆಳಗೇ ಓಡಾಡುವ ನಾನು ಹಾಗೆ ನಿಂತು ನೋಡಿರಲಿಲ್ಲ. ಎಲೆ ಇಲ್ಲದ್ದರಿಂದ ಪಾರ್ಕಿನ ಬೆಂಚುಗಳ ಮೇಲೆ ಬಿಸಿಲು ನೇರವಾಗಿ ಬೀಳುತ್ತಿತ್ತು. ನಿವೃತ್ತರು ಅಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು, ಹೆಂಗಸರು ಸ್ವೆಟರ್ ಹೆಣೆಯುತ್ತಿದ್ದರು. ಮೇ ತಿಂಗಳಲ್ಲಿ ಅದೇ ಜಾಗ ನೆರಳಾಗಿರುತ್ತದೆ. ಒಂದು ಹಳೆಯ ಮರದ ಪೊಟರೆಯ ಬಾಯಲ್ಲಿ ಪುಟ್ಟ ಗೂಬೆಗಳ ಜೋಡಿ ಮೈ ಉಬ್ಬಿಸಿಕೊಂಡು ಬಿಸಿಲು ಕಾಯಿಸುತ್ತಿತ್ತು. ಮಾವ ಅವನ್ನು ನೋಡಿ, ಇವರಿಗೆ ಬಾಡಿಗೆ ಮನೆ ಬೇರೆ ಸಿಕ್ಕಿದೆ ಎಂದರು. ಅಷ್ಟು ಚಿಂತೆಯಲ್ಲೂ.

ಇನ್ನೊಂದು ಬದಿಯಲ್ಲಿ ಮಾಲಿಗಳು ಕೊಂಬೆ ಸವರಿ, ಉದ್ದನೆಯ ಬಾರುಕೋಲಿನಂಥ ಕಡ್ಡಿಗಳನ್ನು ಕಟ್ಟು ಕಟ್ಟಿ ಇಟ್ಟಿದ್ದರು. ಬುಟ್ಟಿ ಹೆಣೆಯುವವರು ಬಂದು ಒಯ್ಯುತ್ತಾರಂತೆ. ಮಾವ ಒಂದು ಕಟ್ಟು ಕೇಳಿ ಪಡೆದರು. ಆ ಕಡ್ಡಿಗಳನ್ನು ಬಚ್ಚಲುಮನೆಯ ಬಕೆಟ್ಟುಗಳಲ್ಲಿ ಉಗುರುಬೆಚ್ಚನೆಯ ನೀರಿಗೆ ನಿಲ್ಲಿಸಿ, ಕಿಟಕಿಯ ಬಿಸಿಲಿಗೆ ಇಟ್ಟರು. ಮೊಗ್ಗು ಒಡೆಯಬಹುದು. ಆದರೆ ಎರಡು ದಿನದಲ್ಲಿ ಒಡೆಯುವುದಿಲ್ಲ.

ಸೊಪ್ಪು ಸಿಕ್ಕಿದ್ದು ಎರಡನೆಯ ದಿನ ಮಧ್ಯಾಹ್ನ, ಊಟಕ್ಕೆಂದು ಮಾರ್ಕೆಟ್ಟಿನ ಹಿಂದಿನ ಢಾಬಾಕ್ಕೆ ಹೋದಾಗ. ಅಲ್ಲಿ ತಂದೂರಿನ ಒಲೆಯನ್ನು ಒಂದು ಗೋಡೆಗೆ ಒತ್ತಿ ಕಟ್ಟಿದ್ದಾರೆ. ಗೋಡೆಯ ಆಚೆ ಒಂದು ಹಿಪ್ಪುನೇರಳೆ ಮರ, ಪಾತ್ರೆ ತೊಳೆದ ನೀರು ಅದರ ಬುಡಕ್ಕೇ ಹೋಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಲೆಯ ಶಾಖ ತಾಗುವ ಕೊಂಬೆಗಳಲ್ಲಿ ಎಳೆ ಹಸಿರು ಎಲೆ ಬಂದಿತ್ತು. ಆಚೆ ಬದಿ ಬೋಳು. ಅರ್ಧ ಮರ ಇನ್ನೂ ಚಳಿಗಾಲದಲ್ಲಿತ್ತು, ಅರ್ಧ ಮರ ಹೋಳಿ ತಲುಪಿತ್ತು. ಮಾವ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು.

ಢಾಬಾ ನಡೆಸುವ ಹೆಂಗಸು ದಪ್ಪ ದನಿಯ ಪಂಜಾಬಿ. ಎಲೆ ಕೇಳಿದಾಗ, ಸೊಪ್ಪಿನ ಸಾಗ್ ಮಾಡುತ್ತೀರಾ ಎಂದಳು. ಹುಳುವಿಗೆ ಎಂದು ನಾನು ಹಿಂದಿಯಲ್ಲಿ ವಿವರಿಸಿದೆ. ಅವಳು ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಕ್ಕಳು. ನನ್ನ ಊಟದಲ್ಲಿ ಹುಳ ಹುಡುಕುವವರನ್ನು ನೋಡಿದ್ದೇನೆ, ಹುಳಕ್ಕೆ ಊಟ ಹುಡುಕಿಕೊಂಡು ಬಂದವರನ್ನು ಇವತ್ತೇ ನೋಡಿದ್ದು ಎಂದಳು. ಆಮೇಲೆ ಕೈ ತೋರಿಸಿ ಷರತ್ತು ಹಾಕಿದಳು: ಬೆಂಚಿನ ಮೇಲೆ ಬಾಗಿರುವ ಕೊಂಬೆ ಮುಟ್ಟಬೇಡಿ, ಬೇಸಿಗೆಯಲ್ಲಿ ಗಿರಾಕಿಗಳು ಊಟಕ್ಕಿಂತ ಮೊದಲು ಅದರ ಕೆಳಗಿನ ಜಾಗ ಹಿಡಿಯುತ್ತಾರೆ. “ಬಾಕಿ ಸಬ್ ಆಪ್ ಕಾ, ಬಾಬೂಜಿ.”

ಅಂದು ಸಂಜೆ ಫ್ರಿಜ್ಜಿನಿಂದ ಹಾಳೆ ಹೊರಬಂತು. ಮರುದಿನ ಬೆಳಿಗ್ಗೆ ಅದರ ಮೇಲೆ ಕಪ್ಪು ಎಳೆಗಳು ಹರಿದಾಡುತ್ತಿದ್ದವು. ಊರಿನಲ್ಲಿ ಅವನ್ನು ಕೋಳಿಪುಕ್ಕದಿಂದ ಸೊಪ್ಪಿಗೆ ಇಳಿಸುತ್ತಾರೆ. ಇಲ್ಲಿ ಬಾಲ್ಕನಿಯಲ್ಲಿ ಬಿದ್ದಿದ್ದ ಪಾರಿವಾಳದ ಗರಿ ತೊಳೆದು ಒಣಗಿಸಿ ಆ ಕೆಲಸಕ್ಕೆ ಬಳಸಿದರು. ತಂದೂರಿನ ಮಸಿ ಕೂತ ಎಲೆಗಳನ್ನು ನೀರಲ್ಲಿ ಅದ್ದಿ, ತೆಳು ಬಟ್ಟೆಯಲ್ಲಿ ಒರೆಸಿ ಒಣಗಿಸುವುದು ಮಗಳ ಪಾಲಿನ ಕೆಲಸ. ಒದ್ದೆ ಎಲೆ ತಿಂದರೆ ಹುಳು ಸಾಯುತ್ತದೆ ಎಂದು ತಾತ ಹೇಳಿದ್ದರಿಂದ ಅವಳು ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹೋಮ್‌ವರ್ಕಿನಲ್ಲಿ ಅಂಥ ಶ್ರದ್ಧೆಯನ್ನು ನಾವು ಕಂಡಿರಲಿಲ್ಲ.

ಹುಳು ಇರುವ ಮನೆಯಲ್ಲಿ ಘಾಟು ಆಗದು. ಸೊಳ್ಳೆಬತ್ತಿ, ಊದುಬತ್ತಿ, ಸೆಂಟು, ಮೆಣಸಿನಕಾಯಿ ಒಗ್ಗರಣೆ ಎಲ್ಲಕ್ಕೂ ನಿಷೇಧ ಬಿತ್ತು. ರೂಮ್ ಹೀಟರ್ ನಮ್ಮ ಕೋಣೆಯಿಂದ ಹುಳುಗಳ ಕೋಣೆಗೆ ಹೋಯಿತು. “ಹುಳಗಳಿಗೆ ಹೀಟರು, ನಮಗೆ ಒಗ್ಗರಣೆ ಇಲ್ಲದ ಸಾರು. ಯಾರ ಮನೆ ಅಪ್ಪ ಇದು?” ಎಂದು ಹೆಂಡತಿ ಕೇಳಿದಳು. “ನೀನೂ ಹಂಗೇ ಬೆಳೆದಿದ್ದಮ್ಮ” ಎಂದರು ಮಾವ.

ಪ್ರತಿ ಸಂಜೆ ಊರಿನಿಂದ ಅತ್ತೆಯ ಫೋನ್. ಹುಳು ಪೊರೆ ಬಿಡುವ ಮುನ್ನ ತಿನ್ನುವುದು ಬಿಟ್ಟು ತಲೆಯೆತ್ತಿ ಕೂರುತ್ತದೆ. ರೇಷ್ಮೆ ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. “ನಮ್ಮವು ಎರಡನೇ ಜ್ವರ ಎದ್ದವು. ದಿಲ್ಲಿಯವು?” ಎಂದು ಅತ್ತೆ ಕೇಳುತ್ತಿದ್ದರು. ದಿಲ್ಲಿಯವು ಚಳಿಯಲ್ಲಿ ನಿಧಾನವಾಗಿದ್ದವು. ಮಗಳು ಅಜ್ಜಿಗೆ ಸೋಲುತ್ತಿರುವುದು ಅವಮಾನವೆಂದು ತಿಳಿದು, ಇಂಟರ್ನೆಟ್ಟಿನಲ್ಲಿ ಹುಡುಕಿ, ಸಲಾಡಿಗೆ ಹಾಕುವ ಲೆಟ್ಯೂಸ್ ಎಲೆಯನ್ನೂ ಕೊಡಬಹುದಂತೆ ಎಂದಳು. ಸಲಾಡು ತಿಂದ ಹುಳು ಸೀರೆ ಕೊಡುವುದಿಲ್ಲ ಮಗಾ, ಡಯೆಟ್ ಮಾಡುತ್ತದೆ ಎಂದರು ಮಾವ.

ಕಷ್ಟ ಬಂದದ್ದು ಮೂರನೆಯ ಜ್ವರದ ಹೊತ್ತಿಗೆ. ಅಲ್ಲಿಯವರೆಗೆ ಒಂದು ಬಟ್ಟಲು ಎಲೆ ಸಾಕಾಗುತ್ತಿತ್ತು. ಜ್ವರ ಎದ್ದ ಹುಳು ಒಂದೇ ಸಮನೆ ಮೇಯುತ್ತದೆ. ತಟ್ಟೆಯ ಹತ್ತಿರ ಕಿವಿಯಿಟ್ಟರೆ ಒಣ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು. ತಂದೂರಿನ ಬದಿಯ ಕೊಂಬೆಗಳನ್ನು ನಾವು ಹೆಚ್ಚುಕಡಿಮೆ ಬರಿದು ಮಾಡಿದ್ದೆವು. ಬಕೆಟ್ಟಿನ ಕಡ್ಡಿಗಳು ಚಿಗುರಿದ್ದವು, ಆದರೆ ಆ ಎಲೆಗಳು ಉಗುರಿನಷ್ಟು. ಪಾರ್ಕಿನ ಮರಗಳಲ್ಲಿ ಮೊಗ್ಗು ದಪ್ಪಗಾಗಿತ್ತು, ಬಿರಿದಿರಲಿಲ್ಲ. ಅಷ್ಟರಲ್ಲಿ ಮೋಡ ಕವಿದು ಚಳಿಮಳೆ ಹಿಡಿಯಿತು. ಎಲ್ಲ ಹುಳುವಿಗೂ ಸಾಕಾಗುವಷ್ಟು ಸೊಪ್ಪು ಇನ್ನೊಂದು ದಿನಕ್ಕೂ ಇರಲಿಲ್ಲ.

ಮಾವ ಊಟದ ಮೇಜಿನ ಹತ್ತಿರ ನಮ್ಮನ್ನು ಕೂರಿಸಿ ರೈತನ ಲೆಕ್ಕ ಹೇಳಿದರು. ಅರ್ಧ ಹುಳು ತೆಗೆದುಹಾಕಿದರೆ ಉಳಿದರ್ಧ ಬದುಕುತ್ತದೆ. ಎಲ್ಲಕ್ಕೂ ಹಂಚಿದರೆ ಎಲ್ಲವೂ ಬಡಕಲಾಗಿ ಒಂದೂ ಗೂಡು ಕಟ್ಟುವುದಿಲ್ಲ. ಸೊಪ್ಪು ಸಾಲದ ಬೆಳೆಯಲ್ಲಿ ಯಾರಾದರೂ ಮಾಡುವುದು ಅದನ್ನೇ.

ಮಗಳು ತಟ್ಟೆಗೆ ಅಡ್ಡ ನಿಂತಳು. “ನಹೀಂ ತಾತ. ಇವತ್ತು ಬೇಡ. ಕಲ್ ತಕ್ ರುಕೋ, ನಾನು ತರ್ತೀನಿ.”

“ಎಲ್ಲಿಂದ ತರ್ತೀಯ? ನಿಮ್ಮಪ್ಪನ ಪೇಪರಿನಿಂದ್ಲಾ?”

ಅವಳು ಮಳೆಯ ಜಾಕೆಟ್ ಹಾಕಿಕೊಂಡು ಕೆಳಗೆ ಹೋದಳು. ನಾವು ದೊಡ್ಡವರು ಮರಗಳನ್ನು ಎಲೆ ನೋಡಿ ಹುಡುಕಿದ್ದೆವು. ಕಾಲೊನಿಯ ಮಕ್ಕಳಿಗೆ ಅವು ಹಣ್ಣಿನಿಂದ ಗೊತ್ತು. ಯಾವ ಮರ ಮೊದಲು ಹಣ್ಣು ಬಿಡುತ್ತದೆ, ಯಾವುದು ಹುಳಿ, ಯಾವುದಕ್ಕೆ ಕಾವಲುಗಾರ ಬೈಯುತ್ತಾನೆ ಎಂಬುದು ಪ್ರತಿ ಏಪ್ರಿಲಿನ ಅವರ ಅನುಭವ. ಮೊದಲು ಹಣ್ಣು ಬಿಡುವ ಮರ ಮೊದಲು ಚಿಗುರಿರಲೇಬೇಕು. ಅಂಥದ್ದೊಂದು ನೀರಿನ ಪಂಪ್‌ಹೌಸಿನ ಹಿಂದೆ, ಮಧ್ಯಾಹ್ನದ ಬಿಸಿಲು ಕಾದು ನಿಲ್ಲುವ ಗೋಡೆಗೆ ಅಂಟಿಕೊಂಡಿತ್ತು. ಎರಡು ಕಟ್ಟಡಗಳ ಸಂದಿಯಲ್ಲಿ ಗಾಳಿ ತಾಕದ ಇನ್ನೊಂದು. ನಾನೂ ಮಾವನೂ ಎರಡರ ಪಕ್ಕದಲ್ಲೂ ಹಾದುಹೋಗಿದ್ದೆವು. ರಸ್ತೆಯಿಂದ ನೋಡಿದರೆ ಅವು ಬೋಳಾಗಿಯೇ ಕಾಣುತ್ತಿದ್ದವು.

ಒಂದು ತಾಸಿನ ಮೇಲೆ ಐದಾರು ಮಕ್ಕಳು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಬ್ಬಳ ಸ್ಕೂಲ್ ಬ್ಯಾಗಿನ ತುಂಬ ಸೊಪ್ಪು, ಇನ್ನೊಬ್ಬನ ಹೆಲ್ಮೆಟ್ಟಿನ ತುಂಬ ಸೊಪ್ಪು. ಎಲ್ಲವೂ ಮಳೆಯಲ್ಲಿ ತೊಯ್ದಿತ್ತು. ಮನೆಯ ಟವೆಲ್ಲುಗಳನ್ನೆಲ್ಲ ನೆಲಕ್ಕೆ ಹಾಸಿ, ಫ್ಯಾನು ಹಾಕಿ, ಎಲ್ಲರೂ ಕೂತು ಎಲೆ ಒರೆಸಿದೆವು. ಹೆಂಡತಿ ಆಫೀಸಿನಿಂದ ಬಂದವಳು ಬ್ಯಾಗ್ ಕೂಡ ಇಡದೆ ಒಂದು ಟವೆಲ್ ಎತ್ತಿಕೊಂಡಳು. ಮಾವ ಸಣ್ಣ ಹುಳುಗಳಿಗೆ ಮೊದಲು ಹಾಕಿದರು. ಯಾವುದನ್ನೂ ತೆಗೆಯಲಿಲ್ಲ.

ಮಕ್ಕಳ ನಾಯಕಿ, ಮಗಳಿಗಿಂತ ಒಂದು ತರಗತಿ ದೊಡ್ಡವಳು, ಹೋಗುವ ಮುನ್ನ ಮಾವನಿಗೆ ಒಂದು ಷರತ್ತು ಹೇಳಿದಳು. ಸೊಪ್ಪು ತಂದುಕೊಡುತ್ತೇವೆ, ಆದರೆ ಕಾಯಿ ಕಟ್ಟಿದ ಕಡ್ಡಿ ಮುರಿಯಬಾರದು, ಅದು ನಮ್ಮದು. ನಾನು ಅನುವಾದಿಸಿದೆ. ಜೀವಮಾನವೆಲ್ಲ ಕಾಯಿ ಕಂಡರೆ ಬೇಸರಪಟ್ಟ ಮನುಷ್ಯ “ಅಚ್ಛಾ ಜೀ” ಎಂದು ಕೈಮುಗಿದರು.

ಆ ವಾರದ ಕೊನೆಗೆ ಮೋಡ ಸರಿಯಿತು. ದೆಹಲಿಯಲ್ಲಿ ಚಳಿಗಾಲ ಹೋಗುವುದಕ್ಕೆ ನಾಲ್ಕು ದಿನದ ಬಿಸಿಲು ಸಾಕು. ಪಾರ್ಕಿನ ಸಾಲು ಒಮ್ಮೆಗೇ ಹಸಿರಾಯಿತು, ಎಲೆಯ ಜೊತೆಗೇ ಹಸಿರು ಕಾಯಿಯ ಗೊಂಚಲೂ ಬಂತು. ಸೊಪ್ಪಿನ ಚಿಂತೆ ಮುಗಿದ ಮೇಲೆ ಮಾವ ಬೆಳಿಗ್ಗೆ ಬುಟ್ಟಿ ಹಿಡಿದು ಹೋದವರು ಬೇಗ ಬರುತ್ತಿರಲಿಲ್ಲ. ಏನು ಮಾಡುತ್ತಾರೆಂದು ಒಂದು ದಿನ ನೋಡಲು ಹೋದೆ. ಅವರು ಬೆಂಚಿನ ಮೇಲೆ ಕೂತು ಮರವನ್ನು ನೋಡುತ್ತಿದ್ದರು.

ನೋಡಲು ಬಹಳವಿತ್ತು. ಬೆಳ್ಗಣ್ಣ ಹಕ್ಕಿಗಳ ಗುಂಪು ಎಲೆಯ ಅಡಿ ತಲೆಕೆಳಗಾಗಿ ನೇತು ಸಣ್ಣ ಹುಳು ಹೆಕ್ಕುತ್ತಿತ್ತು. ಪಿಕಳಾರಗಳು ಇನ್ನೂ ಕೆಂಪಾಗದ ಕಾಯನ್ನೇ ರುಚಿ ನೋಡಿ ಬಿಡುತ್ತಿದ್ದವು. ಅಳಿಲೊಂದು ಕಡ್ಡಿಯ ತೊಗಟೆ ಸೀಳಿ ಬಾಯಿ ತುಂಬ ನಾರು ಕಚ್ಚಿಕೊಂಡು ಗೂಡಿಗೆ ಓಡುತ್ತಿತ್ತು. ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ತನ್ನ ಮೇಜನ್ನು ಬಿಸಿಲಿನಿಂದ ಹೊಸ ನೆರಳಿಗೆ ಎರಡು ಮಾರು ಎಳೆದುಕೊಂಡಿದ್ದಳು. ಅವಳ ಮೇಕೆ ನಾವು ಬೀಳಿಸಿದ ಎಲೆಗಳನ್ನು ಮುಗಿಸುತ್ತಿತ್ತು. ಎರಡು ಮೂರು ವಾರಗಳಾದ ಮೇಲೆ ಹಣ್ಣು ಕಪ್ಪಾಗತೊಡಗಿತು. ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂದು ಎರಗಿತು. ಇಡೀ ಮರವೇ ಜಗಳವಾಡುತ್ತಿರುವಂಥ ಗಲಾಟೆ. ಕೆಳಗಿನ ಕಾಲುದಾರಿ ನೇರಳೆ ಬಣ್ಣವಾಯಿತು. ಮಕ್ಕಳು ಬೆಡ್‌ಶೀಟು ಹಿಡಿದು ಕೊಂಬೆ ಕುಲುಕಿದರು.

“ಇದಕ್ಕೆ ಇಷ್ಟು ಜನ ನೆಂಟರು ಅಂತ ಗೊತ್ತೇ ಇರಲಿಲ್ಲ ಅಳಿಯಂದ್ರೇ” ಎಂದರು ಮಾವ. “ನಮ್ಮ ತೋಟದಲ್ಲಿ ಇದು ಒಬ್ಬರಿಗೇ ದುಡಿಯುತ್ತೆ. ಇಲ್ಲಿ ನೋಡಿ, ನಾವೂ ಸಾಲಿನಲ್ಲಿ ನಿಲ್ಲಬೇಕು.” ಸಾಲಿನಲ್ಲಿ ನಿಲ್ಲುವುದು ಅವರಿಗೆ ಇಷ್ಟವಾದಂತೆ ಕಂಡಿತು.

ನಾಲ್ಕನೆಯ ಜ್ವರ ಎದ್ದ ಹುಳುಗಳು ಬೆರಳಿನಷ್ಟಾದವು, ಆಮೇಲೆ ಒಂದು ಬೆಳಿಗ್ಗೆ ತಿನ್ನುವುದು ಬಿಟ್ಟು ಮೈ ಹಳದಿ ಗಾಜಿನಂತೆ ಹೊಳೆಯತೊಡಗಿದವು. ಊರಿನಲ್ಲಿ ಗೂಡು ಕಟ್ಟಲು ಬಿದಿರಿನ ಸುರುಳಿ ಹೆಣೆದ ತಟ್ಟೆ, ಚಂದ್ರಿಕೆ, ಇರುತ್ತದೆ. ಇಲ್ಲಿ ಮಾವ ಬಕೆಟ್ಟಿನ ಕಡ್ಡಿಗಳನ್ನೇ ಸುತ್ತಿ ಸುತ್ತಿ ಒಂದು ಚಂದ್ರಿಕೆ ಮಾಡಿದರು. ಕಾಲೊನಿಯ ಮಕ್ಕಳೆಲ್ಲ ನಮ್ಮ ಹಾಲಿನ ನೆಲದ ಮೇಲೆ ಕೂತು, ಹುಳು ತಲೆಯನ್ನು ಅತ್ತಿಂದಿತ್ತ ಆಡಿಸುತ್ತ ಬಾಯಿಂದ ಎಳೆ ಬಿಡುವುದನ್ನು ನೋಡಿದರು. ನಂಬದ ಗೆಳತಿಯರು ನಂಬಿದರು. ಗೂಡಿನ ಒಳಗಿನ ಹುಳು ಆಮೇಲೆ ಏನಾಗುತ್ತದೆಂದು ಮಗಳು ಕೇಳಿದಳು. ಊರಿನಲ್ಲಾದರೆ ಬೇಯಿಸುತ್ತೇವೆ ಎಂದು ತಾತ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳ ಮುಖ ನೋಡಿ, ಇವು ಮಾರ್ಕೆಟ್ಟಿಗೆ ಹೋಗುವ ಬೆಳೆ ಅಲ್ಲ, ಚಿಟ್ಟೆಯಾಗಲಿ ಬಿಡು ಎಂದು ಸೇರಿಸಿದರು.

ಒಂದು ಹುಳು ಮಾತ್ರ ಹಣ್ಣಾಗಲಿಲ್ಲ. ಮಿಕ್ಕವೆಲ್ಲ ಗೂಡಾದ ಮೇಲೂ ಅದು ತಟ್ಟೆಯಲ್ಲಿ ಒಂಟಿಯಾಗಿ ಮೇಯುತ್ತಿತ್ತು. ಹಿಂದುಳಿದ ಹುಳುವನ್ನು ಸಾಕುವ ಪದ್ಧತಿ ಯಾವ ರೇಷ್ಮೆ ಮನೆಯಲ್ಲೂ ಇಲ್ಲ. ಅತ್ತೆ ಫೋನಿನಲ್ಲಿ, ಅದನ್ನು ಎಸೆದು ಊರಿಗೆ ಬನ್ನಿ, ಇಲ್ಲಿ ಎರಡನೇ ಬೆಳೆಯ ಚಾಕಿ ಮರಿಹುಳು ಬಂದಿವೆ ಎಂದರು. ಮಾವ ಮೊಮ್ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು, ರೈಲಿನ ಟಿಕೆಟ್ ಮುಂದಕ್ಕೆ ಹಾಕಲು ಹೇಳಿದರು. ಮುಂದಿನ ಕೆಲವು ದಿನ ಅವರು ಬೆಳಿಗ್ಗೆಯೂ ಸಂಜೆಯೂ ಒಂದೊಂದೇ ಎಲೆ ತರಲು ಪಾರ್ಕಿಗೆ ಹೋದರು. ಹಿಡಿ ಎಲೆ ಒಟ್ಟಿಗೆ ತಂದು ಫ್ರಿಜ್ಜಿನಲ್ಲಿಡಬಾರದೇ ಎಂದು ಹೆಂಡತಿ ಕೇಳಿದರೆ, ತಾಜಾ ಇರಬೇಕಮ್ಮ ಎಂದರು.

ಭಾನುವಾರ ಮಧ್ಯಾಹ್ನ ಅವರು ಎಲೆ ಹಿಡಿದು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಗಳು ಬಾಗಿಲಲ್ಲಿ ಕಾಯುತ್ತಿದ್ದಳು. “ತಾತ, ಶುರು ಮಾಡ್ತು” ಎಂದಳು ಮೆಲ್ಲಗೆ, ಜೋರಾಗಿ ಹೇಳಿದರೆ ಅದು ನಿಲ್ಲಿಸಿಬಿಡುತ್ತದೇನೋ ಎಂಬಂತೆ. ತಟ್ಟೆಯ ಮೂಲೆಯಲ್ಲಿ ಹುಳು ಮೊದಲ ಎಳೆಗಳನ್ನು ಅಡ್ಡಡ್ಡ ಎಳೆದು ನಿಂತಿತ್ತು. ಮಾವ ಬಗ್ಗಿ ನೋಡಿದರು. ಎದ್ದು ನಿಂತು, ಕೈಯಲ್ಲಿದ್ದ ಎಲೆಯನ್ನು ಕಿಟಕಿಯ ಹೊರಗೆ ಬಿಟ್ಟರು.

“ಇನ್ನು ಸೊಪ್ಪು ಬೇಡ. ಬಾ, ಹಣ್ಣು ತಿನ್ನೋಣ.”

ಇಬ್ಬರೂ ಇಳಿದು ಹೋದರು. ಬಾಲ್ಕನಿಯಿಂದ ನೋಡಿದೆ. ಬೆಡ್‌ಶೀಟು ಹಿಡಿದಿದ್ದ ಮಕ್ಕಳು ಒಂದು ಮೂಲೆಯನ್ನು ಮಾವನ ಕೈಗೆ ಕೊಟ್ಟರು. ಮೇಲೆ ಯಾರೋ ಕೊಂಬೆ ಕುಲುಕಿದರು, ಕಬ್ಬಕ್ಕಿಗಳು ಬೈಯುತ್ತ ಹಾರಿದವು, ಹಣ್ಣು ದಡದಡನೆ ಬಿತ್ತು. ಅರ್ಧ ಬೆಡ್‌ಶೀಟಿಗೆ, ಅರ್ಧ ಮಾವನ ಬಿಳಿ ಅಂಗಿಗೆ.